ಅಡ್ರಿಯಾನೋ ಬಿದ್ದಿದ್ದು ಯಾವಾಗ? 2004ರಲ್ಲಂತೂ ಅಲ್ಲ

ಒಂಟಿಕೊಪ್ಪಲ್ ಎಡಗಾಲು

ಈ ಗುಂಪಿನಲ್ಲಿ ಕ್ರಿಕೆಟ್ ಬಿಟ್ಟರೆ ಬೇರೆ ಮಾತೇ ಇಲ್ಲ ಅಂತ ಮೊನ್ನೆ ಯಾರೋ ಗೊಣಗಿದ್ದರು. ತಗೊಳ್ಳಿ, ಫುಟ್‌ಬಾಲ್.

ಬ್ರೆಜಿಲ್‌ನ ಸ್ಟ್ರೈಕರ್, 'ಚಕ್ರವರ್ತಿ' ಅಂತ ಅಡ್ಡಹೆಸರಿದ್ದ ಅಡ್ರಿಯಾನೋ ಬಗ್ಗೆ ಒಂದು ರೀಲ್ ನಿಮಗೂ ಬಂದಿರುತ್ತದೆ. ಹಿಂದೆ ಅಳುವ ಪಿಯಾನೋ. ಮುಂದೆ ದಪ್ಪ ಅಕ್ಷರ: ಅಪ್ಪ ಸತ್ತರು, ಚಕ್ರವರ್ತಿ ಕುಸಿದ. ಮುಗೀತು ಕಥೆ. ಅದನ್ನು ನೋಡಿದಾಗಲೆಲ್ಲ ನನಗೆ ರೇಗುತ್ತದೆ. ಲೆಕ್ಕ ತಾಳೆ ಆಗುವುದಿಲ್ಲ, ಅದಕ್ಕೆ.

ನನ್ನ ವಯಸ್ಸಿನ ಮೈಸೂರು ಹುಡುಗರಿಗೆ ಅವನು ಪರಿಚಯ ಆಗಿದ್ದು ಟಿವಿಗಿಂತ ಜಾಸ್ತಿ ಪ್ಲೇಸ್ಟೇಷನ್ ಅಂಗಡಿಗಳಲ್ಲಿ. ಪ್ರೊ ಎವಲ್ಯೂಷನ್ ಸಾಕರ್ 6ರಲ್ಲಿ ಅವನ ಶಾಟ್ ಪವರ್ 99. ಎಲ್ಲಿಂದ ಒದ್ದರೂ ಗೋಲು. ಅವನಿದ್ದ ಇಟಲಿಯ ಇಂಟರ್ ಮಿಲಾನ್ ತಂಡವನ್ನು ಯಾರೂ ತಗೊಳ್ಳುವ ಹಾಗಿಲ್ಲ ಅಂತ ನಮ್ಮ ಅಂಗಡಿಯಲ್ಲಿ ರೂಲೇ ಇತ್ತು. ತಗೊಂಡವನ ಜೊತೆ ಜಗಳ ಗ್ಯಾರಂಟಿ.

ಈಗ ಲೆಕ್ಕಕ್ಕೆ ಬರೋಣ. 2004ರ ಜುಲೈ 25, ಪೆರುವಿನ ಲಿಮಾದಲ್ಲಿ ಕೋಪಾ ಅಮೆರಿಕ, ಅಂದರೆ ದಕ್ಷಿಣ ಅಮೆರಿಕ ದೇಶಗಳ ಟೂರ್ನಿಯ ಫೈನಲ್. ಅರ್ಜೆಂಟೀನಾ 2-1 ಮುಂದೆ. ತೊಂಬತ್ತು ನಿಮಿಷ ಮುಗಿದು ಹೆಚ್ಚುವರಿ ಸಮಯ ಓಡುತ್ತಿದೆ. ಅಡ್ರಿಯಾನೋ ತಿರುಗಿ ಎಡಗಾಲಲ್ಲಿ ಹೊಡೆದ, 2-2. ಪೆನಾಲ್ಟಿಯಲ್ಲಿ ಬ್ರೆಜಿಲ್ ಗೆದ್ದಿತು. ಆ ಟೂರ್ನಿಯಲ್ಲಿ ಅವನದು 7 ಗೋಲು. ಅತಿ ಹೆಚ್ಚು ಗೋಲು ಅವನದೇ, ಉತ್ತಮ ಆಟಗಾರ ಪ್ರಶಸ್ತಿಯೂ ಅವನಿಗೇ. ಆಗ ವಯಸ್ಸು 22.

ಕೆಲವೇ ದಿನಗಳಲ್ಲಿ, ಆಗಸ್ಟ್ ಶುರುವಿನಲ್ಲಿ, ಅವನ ತಂದೆ ಅಲ್ಮಿರ್ ತೀರಿಕೊಂಡರು.

ರೀಲ್ ಇಲ್ಲಿಗೆ ನಿಲ್ಲುತ್ತದೆ. ಆದರೆ ಅದರ ಮುಂದಿನ ಸೀಸನ್, 2004-05, ಇಂಟರ್‌ನಲ್ಲಿ ಅವನು ಎಲ್ಲಾ ಸ್ಪರ್ಧೆ ಸೇರಿ 28 ಗೋಲು ಹೊಡೆದ. ಆ ಅಕ್ಟೋಬರ್‌ನಲ್ಲಿ ಇಟಲಿಯದೇ ಕ್ಲಬ್ ಉಡಿನೇಸೆ ವಿರುದ್ಧ ತನ್ನ ಅರ್ಧದಿಂದಲೇ ಚೆಂಡು ತಗೊಂಡು ಓಡಿ ಹೊಡೆದ ಗೋಲು ನೋಡಿ. ಮಾರ್ಚ್‌ನಲ್ಲಿ ಪೋರ್ಚುಗಲ್‌ನ ಪೋರ್ಟೊ ಕ್ಲಬ್ ಮೇಲೆ ಚಾಂಪಿಯನ್ಸ್ ಲೀಗ್ ಹ್ಯಾಟ್ರಿಕ್. ಜೂನ್‌ನಲ್ಲಿ ಜರ್ಮನಿಯ ಕಾನ್ಫೆಡರೇಷನ್ಸ್ ಕಪ್, 5 ಗೋಲು, ಅದರಲ್ಲಿ ಎರಡು ಮತ್ತೆ ಅರ್ಜೆಂಟೀನಾ ವಿರುದ್ಧದ ಫೈನಲ್‌ನಲ್ಲಿ. ಇದು ಕುಸಿತವಾ? ಅವನ ಜೀವನದ ಅತ್ಯುತ್ತಮ ವರ್ಷ ಇದೇ ಅಲ್ವಾ?

ಹಾಗಾದರೆ ಬಿದ್ದಿದ್ದು ಯಾವಾಗ, ಯಾಕೆ? ನಿಮ್ಮ ಅಭಿಪ್ರಾಯ ಹೇಳಿ.

ಮಂಡ್ಯ ಸ್ಟ್ರೈಕರ್

ಅಣ್ಣ, ಕೋಪ ಮಾಡ್ಕೋಬೇಡಿ. ಅಪ್ಪ ಎಲ್ಲರಿಗೂ ಸಾಯ್ತಾರೆ. ನಮ್ಮ ಕಡೆ ಹನ್ನೊಂದರ ತಿಥಿ ಮುಗಿಸಿ ಮಾರನೇ ದಿನ ಗದ್ದೆಗೆ ನೀರು ಕಟ್ಟೋಕೆ ಹೋದವರಿದ್ದಾರೆ. ಅವರ ಬಗ್ಗೆ ಯಾರೂ ಪಿಯಾನೋ ಹಾಕಿ ವಿಡಿಯೋ ಮಾಡಲಿಲ್ಲ.

ಕಾರಣ ಸಿಂಪಲ್. ಎಣ್ಣೆ, ಪಾರ್ಟಿ, ದುಡ್ಡು. ಪ್ರಾಕ್ಟೀಸ್‌ಗೆ ಕುಡಿದು ಬರುತ್ತಿದ್ದೆ ಅಂತ ಅವನೇ ಆಮೇಲೆ ಒಪ್ಪಿಕೊಂಡಿದ್ದಾನೆ. ಇಟಲಿಯಲ್ಲಿ ವರ್ಷದ ಅತಿ ಕೆಟ್ಟ ಆಟಗಾರನಿಗೆ ಒಂದು ರೇಡಿಯೋ ಕಾರ್ಯಕ್ರಮದವರು 'ಚಿನ್ನದ ಕಸದ ಡಬ್ಬಿ' ಅಂತ ತಮಾಷೆ ಪ್ರಶಸ್ತಿ ಕೊಡುತ್ತಿದ್ದರು. 2006, 2007, 2010. ಮೂರು ಸಲ ಇವನಿಗೇ. ಅದನ್ನೂ ಬರೆಯಿರಿ.

ಒಂಟಿಕೊಪ್ಪಲ್ ಎಡಗಾಲು

@ಮಂಡ್ಯ ಸ್ಟ್ರೈಕರ್ ಬರೆಯೋಣ, ಅದಕ್ಕೇನು. ಆದರೆ ಅವನು ಒಪ್ಪಿಕೊಂಡ ಮಾತಿನ ಇನ್ನರ್ಧ ಬಿಟ್ಟಿರಿ. ಕುಡಿದು ಬಂದಾಗ ಅವನನ್ನು ವೈದ್ಯಕೀಯ ಕೋಣೆಗೆ ಕಳಿಸಿ ಮಲಗಿಸುತ್ತಿದ್ದರಂತೆ. ಸ್ನಾಯು ನೋವು ಅಂತ ಪತ್ರಕರ್ತರಿಗೆ ಹೇಳುತ್ತಿದ್ದರಂತೆ. ಇದೂ ಅವನದೇ ಮಾತು.

ನನ್ನ ವಾದ ಇಷ್ಟೇ. ಅಪ್ಪ ಹೋದ ಮೇಲೂ ಗೋಲು ಬರುತ್ತಿತ್ತು. ಗೋಲು ಬರುವವರೆಗೂ ಯಾರೂ ಅವನನ್ನು ಕೂರಿಸಿ ಮಾತಾಡಿಸುವ ಅವಸರದಲ್ಲಿ ಇರಲಿಲ್ಲ. 2005ರ ಸೆಪ್ಟೆಂಬರ್‌ನಲ್ಲಿ ಕ್ಲಬ್ ಅವನ ಒಪ್ಪಂದವನ್ನು 2010ರವರೆಗೆ ವಿಸ್ತರಿಸಿತು. ರಜೆ ಕೊಡಲಿಲ್ಲ, ಸಂಬಳ ಜಾಸ್ತಿ ಮಾಡಿತು.

ಮಂಡ್ಯ ಸ್ಟ್ರೈಕರ್

ಅದು ತಪ್ಪು ಕಣಣ್ಣ. ಝನೆಟ್ಟಿ ಹೇಳಿದ್ದು ಕೇಳಿಲ್ವಾ? ಇಂಟರ್ ಕ್ಯಾಪ್ಟನ್. ಬ್ರೆಜಿಲ್‌ನಿಂದ ಫೋನ್ ಬಂದಾಗ ಅವನು ಅಲ್ಲೇ ಇದ್ದ. ಅಡ್ರಿಯಾನೋ ಫೋನ್ ಬಿಸಾಕಿ ಕಿರುಚೋಕೆ ಶುರು ಮಾಡಿದನಂತೆ, ಆ ಥರ ಕೂಗು ಅದುವರೆಗೂ ಕೇಳಿರಲಿಲ್ಲವಂತೆ. ಆವತ್ತಿನಿಂದ ನಾನು, ಕ್ಲಬ್ ಮಾಲೀಕ ಮೊರಾಟ್ಟಿ ಇಬ್ಬರೂ ಅವನನ್ನು ತಮ್ಮನ ಥರ ನೋಡಿಕೊಂಡೆವು ಅಂತಾನೆ ಝನೆಟ್ಟಿ. ಕೈಲಾದಷ್ಟು ಮಾಡಿದರು. 2007ರ ನವೆಂಬರ್‌ನಲ್ಲಿ ಸಾವೊ ಪಾಲೊ ಕ್ಲಬ್‌ನ ತರಬೇತಿ ಕೇಂದ್ರಕ್ಕೆ ಸುಧಾರಿಸಿಕೊಳ್ಳೋಕೆ ಅಂತಲೇ ಕಳಿಸಿದರು. ಇನ್ನೇನು ಮಾಡಬೇಕಿತ್ತು? ಬಾಯಿಗೆ ಬೀಗ ಹಾಕೋಕಾಗುತ್ತಾ?

ಒಂಟಿಕೊಪ್ಪಲ್ ಎಡಗಾಲು

2004 ಆಗಸ್ಟ್, 2007 ನವೆಂಬರ್. ಮಧ್ಯೆ ಮೂರು ವರ್ಷ ಇದೆ ಅಣ್ಣ. ಆ ರಜೆಯೂ ಸಂಬಳ ಇಲ್ಲದ ರಜೆ. ಝನೆಟ್ಟಿ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಅವನನ್ನು ಎತ್ತಿ ನಿಲ್ಲಿಸಲು ಆಗದಿದ್ದದ್ದು ನನ್ನ ದೊಡ್ಡ ಸೋಲು ಅಂತ ಅವನೇ ಹೇಳಿಕೊಂಡಿದ್ದಾನೆ. ಆದರೆ ಖಿನ್ನತೆ ಜೊತೆಗಾರನೊಬ್ಬ ಸರಿ ಮಾಡುವ ಕಾಯಿಲೆ ಅಲ್ಲ.

ಗಂಗೋತ್ರಿ ಗ್ಯಾಲರಿ

ಹುಡುಗರೇ, ನಾನು ನಿವೃತ್ತ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತು, ಆಮೇಲೆ ಇಂಥ ಜಗಳ ಓದುವುದು, ಇಷ್ಟೇ ಕೆಲಸ. ನೀವಿಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ. ಅವನ ಮನೆ ಕಥೆ 2004ಕ್ಕೆ ಶುರುವಾದದ್ದಲ್ಲ.

ಅಡ್ರಿಯಾನೋ ಹುಟ್ಟಿದ್ದು 1982ರ ಫೆಬ್ರವರಿಯಲ್ಲಿ, ರಿಯೋ ನಗರದ ವಿಲಾ ಕ್ರುಜೇರೊ ಎಂಬ ಕೊಳೆಗೇರಿಯಲ್ಲಿ. ಅವನಿಗೆ ಹತ್ತು ವರ್ಷ ಇದ್ದಾಗ ಓಣಿಯ ಪಾರ್ಟಿಯೊಂದರಲ್ಲಿ ಗುಂಡು ಹಾರಿ ಅವರಪ್ಪನ ತಲೆಗೆ ಬಿತ್ತು. ಯಾರಿಗೋ ಇಟ್ಟ ಗುರಿ. ಜೀವ ಉಳಿಯಿತು, ಗುಂಡು ತಲೆಯಲ್ಲೇ ಉಳಿಯಿತು. ಆಮೇಲೆ ಫಿಟ್ಸ್ ಬರುತ್ತಿತ್ತು. ಆ ಮನುಷ್ಯ ಕೆಲಸ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ಹುಡುಗನನ್ನು ಫ್ಲಮೆಂಗೊ ಕ್ಲಬ್‌ನ ಪ್ರಾಕ್ಟೀಸ್‌ಗೆ ಕರೆದುಕೊಂಡು ಹೋಗುತ್ತಿದ್ದದ್ದು ಅಜ್ಜಿ. ಅಲ್ಲಿ ಮೊದಲು ಅವನು ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯ ಡಿಫೆಂಡರ್. ಆಮೇಲೆ ಮುಂದಕ್ಕೆ ತಂದರು.

ಅಂದರೆ ಆ ಮನೆಯಲ್ಲಿ ಹನ್ನೆರಡು ವರ್ಷ ಅಪ್ಪನ ಜೀವದ ಬಗ್ಗೆ ದಿನಾ ಹೆದರಿಕೆ ಇತ್ತು. ಹುಡುಗ ದುಡಿಯುವುದು, ಗೆಲ್ಲುವುದು ಎಲ್ಲ ಅಪ್ಪ ನೋಡಲಿ ಅಂತ. ಗದ್ದೆಗೆ ನೀರು ಕಟ್ಟಲು ಹೋದವರ ಉದಾಹರಣೆ ಕೊಟ್ಟಿರಿ, ಸರಿ. ಅವರು ಹೋದದ್ದು ಅವರ ಊರಿನ ಗದ್ದೆಗೆ. ಸುತ್ತ ಅಣ್ಣ, ತಮ್ಮ, ದಾಯಾದಿಗಳು ಇದ್ದರು. ಇವನು ಮಣ್ಣು ಮಾಡಿ ಮಿಲಾನ್‌ಗೆ ವಾಪಸ್ ಹೋಗಿ ಒಬ್ಬನೇ ಇದ್ದ.

ಇನ್ನೊಂದು. ಬ್ರೆಜಿಲ್‌ಗೆ ಇದು ಹೊಸದಲ್ಲ. ಗ್ಯಾರಿಂಚಾ ಹೆಸರು ಕೇಳಿದ್ದೀರಾ? 1933ರಲ್ಲಿ ಪಾವ್ ಗ್ರಾಂಜಿ ಅನ್ನುವ ಬಟ್ಟೆ ಮಿಲ್ ಊರಿನಲ್ಲಿ ಹುಟ್ಟಿದವನು. ಎರಡೂ ಕಾಲು ಸೊಟ್ಟ. 1958, 1962 ಎರಡು ವಿಶ್ವಕಪ್ ಗೆದ್ದ. 62ರಲ್ಲಂತೂ ಪೆಲೆ ಗಾಯಗೊಂಡು ಕೂತ ಮೇಲೆ ತಂಡವನ್ನು ಎಳೆದವನು ಇವನೇ. ಪೆಲೆ, ಗ್ಯಾರಿಂಚಾ ಇಬ್ಬರೂ ಜೊತೆಗೆ ಆಡಿದ ಒಂದು ಪಂದ್ಯವನ್ನೂ ಬ್ರೆಜಿಲ್ ಸೋತಿಲ್ಲ. ಮಂಡಿ ನೋವಿಗೆ ಇಂಜೆಕ್ಷನ್ ಚುಚ್ಚಿಸಿಕೊಂಡೇ ಆಡುತ್ತಿದ್ದ. 1983ರಲ್ಲಿ ಸತ್ತಾಗ 49 ವರ್ಷ. ಕುಡಿತವೇ ಕೊಂದಿತು. ಹೆಣ ಇಟ್ಟ ಮರಕಾನಾ ಸ್ಟೇಡಿಯಂಗೆ ಜನ ಸಾಗರ. ಬದುಕಿದ್ದಾಗ ಆಸ್ಪತ್ರೆ ಬಾಗಿಲಲ್ಲಿ ಅಷ್ಟು ಜನ ಇರಲಿಲ್ಲ ಬಿಡಿ.

ಮಂಡ್ಯ ಸ್ಟ್ರೈಕರ್

ಸರ್, ತಲೆಯಲ್ಲಿ ಗುಂಡು ಇತ್ತು ಅನ್ನೋದು ನನಗೆ ಗೊತ್ತಿರಲಿಲ್ಲ. ಆದರೂ ನನ್ನ ಮಾತು ಪೂರ್ತಿ ವಾಪಸ್ ತಗೊಳ್ಳಲ್ಲ. 2009ರಲ್ಲಿ ದೇಶದ ಪಂದ್ಯಕ್ಕೆ ಅಂತ ಬ್ರೆಜಿಲ್‌ಗೆ ಹೋದವನು ಇಟಲಿಗೆ ವಾಪಸ್ಸೇ ಬರಲಿಲ್ಲ. ಆಡೋ ಖುಷಿ ಹೋಗಿದೆ ಅಂದ. ಏಪ್ರಿಲ್‌ನಲ್ಲಿ ಒಪ್ಪಂದ ಮುರಿದರು. ಕೋಟಿಗಟ್ಟಲೆ ಸಂಬಳ ಬಿಟ್ಟು ಕೊಳೆಗೇರಿ ಗೆಳೆಯರ ಜೊತೆ ಬಿಯರ್ ಕುಡ್ಕೊಂಡು ಕೂತ. ಇದಕ್ಕೆ ಯಾವ ಕ್ಲಬ್ ಕಾರಣ?

ಒಂಟಿಕೊಪ್ಪಲ್ ಎಡಗಾಲು

ಅದೇ ವರ್ಷ ಏನಾಯಿತು ಅಂತಲೂ ನೋಡಿ. ಮೇ ತಿಂಗಳಲ್ಲಿ ಹಳೇ ಕ್ಲಬ್ ಫ್ಲಮೆಂಗೊ ಸೇರಿದ. ಡಿಸೆಂಬರ್‌ಗೆ ಫ್ಲಮೆಂಗೊ ಬ್ರೆಜಿಲ್ ಲೀಗ್ ಚಾಂಪಿಯನ್. 1992ರ ನಂತರ ಮೊದಲ ಸಲ. ಅಡ್ರಿಯಾನೋ 19 ಗೋಲು ಹೊಡೆದು ಡಿಯೇಗೊ ಟಾರ್ಡೆಲಿ ಜೊತೆ ಜಂಟಿಯಾಗಿ ಮೊದಲ ಸ್ಥಾನ. ಮುಗಿದು ಹೋದವನು ಅಂತ ಮಿಲಾನ್ ಪತ್ರಿಕೆಗಳು ಬರೆದ ಮನುಷ್ಯ, ಮನೆ ಹತ್ತಿರ ಬಂದ ಕೂಡಲೇ ಲೀಗ್ ಗೆಲ್ಲಿಸಿದ.

ಅದಕ್ಕೇ ಹೇಳಿದ್ದು, ಇದು ಒಂದೇ ಸಲ ಬಿದ್ದ ಕಥೆ ಅಲ್ಲ. ಬಿದ್ದ, ಎದ್ದ, ಮತ್ತೆ ಬಿದ್ದ. 2006ರ ವಿಶ್ವಕಪ್‌ನಲ್ಲಿ ಎರಡೇ ಗೋಲು. ಕಾಕಾ, ರೊನಾಲ್ಡಿನೊ, ರೊನಾಲ್ಡೊ, ಇವನು, ನಾಲ್ವರೂ ಸೇರಿ ಏನೇನೋ ಮಾಡುತ್ತಾರೆ ಅಂತ ನಾವು ನಿದ್ದೆ ಬಿಟ್ಟು ಕೂತಿದ್ದೆವು. ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ 1-0. ಆ ಪಂದ್ಯ ನಮ್ಮಲ್ಲಿ ಶುರುವಾಗಿದ್ದೇ ಮಧ್ಯರಾತ್ರಿ ಹನ್ನೆರಡೂವರೆಗೆ. ಫ್ಲಮೆಂಗೊದಲ್ಲಿ ಅಷ್ಟು ಆಡಿದ ಮೇಲೂ 2010ರ ವಿಶ್ವಕಪ್ ತಂಡಕ್ಕೆ ಕೋಚ್ ದುಂಗಾ ಕರೆಯಲಿಲ್ಲ.

ಮತ್ತೆ ಇಟಲಿಗೆ ಹೋದದ್ದು ಮಾತ್ರ ಯಾಕೋ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ರೋಮಾ ಮೂರು ವರ್ಷಕ್ಕೆ ಸಹಿ ಹಾಕಿಸಿಕೊಂಡಿತು. ಲೀಗ್‌ನಲ್ಲಿ ಒಂದು ಗೋಲೂ ಇಲ್ಲ. 2011ರ ಮಾರ್ಚ್‌ಗೆ ಕಳಿಸಿಬಿಟ್ಟರು. ಯಾವ ಊರಿನಲ್ಲಿ ಉಸಿರುಗಟ್ಟಿತ್ತೋ ಆ ದೇಶಕ್ಕೇ ವಾಪಸ್ ಹೋಗುವುದಾ?

ಬನ್ನಿಮಂಟಪ ಫಿಸಿಯೋ

ನಾನು ಫಿಸಿಯೋಥೆರಪಿಸ್ಟ್. ಫುಟ್‌ಬಾಲ್ ಜಾಸ್ತಿ ನೋಡಲ್ಲ. ಆದರೆ ಈ ಚರ್ಚೆಯಲ್ಲಿ ಮನಸ್ಸು ಬಂತು, ಎಣ್ಣೆ ಬಂತು, ಕಾಲು ಬರಲೇ ಇಲ್ಲ. 2011ರ ಏಪ್ರಿಲ್‌ನಲ್ಲಿ ಅವನ ಅಕಿಲಿಸ್ ಟೆಂಡನ್ ಹರಿದಿತ್ತು. ಆಗಷ್ಟೇ ಕೊರಿಂಥಿಯನ್ಸ್ ಕ್ಲಬ್ ಸೇರಿದ್ದ. ನನ್ನ ಪ್ರಕಾರ ನಿಜವಾದ ಕೊನೆ ಅದು.

ಹಿಮ್ಮಡಿ ಮೇಲೆ ಹಗ್ಗದ ಹಾಗೆ ಗಟ್ಟಿಯಾಗಿ ಸಿಗುತ್ತದಲ್ಲ, ಅದೇ ಅಕಿಲಿಸ್. ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವುದು ಅದು. ಓಟದ ಮೊದಲ ಹೆಜ್ಜೆ, ನೆಗೆತ, ಥಟ್ಟನೆ ತಿರುಗುವುದು ಎಲ್ಲ ಅದರ ಮೇಲೆ ನಿಂತಿದೆ. ಹರಿದಾಗ ಹಿಂದಿನಿಂದ ಯಾರೋ ಒದ್ದ ಹಾಗೆ ಆಯ್ತು ಅಂತ ರೋಗಿಗಳು ಹೇಳುತ್ತಾರೆ. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಆಪರೇಷನ್ ಆಗಿ ಆಟಕ್ಕೆ ಮರಳಲು ಆರು ತಿಂಗಳಿಂದ ಒಂದು ವರ್ಷ ಬೇಕು. ಮರಳಿದರೂ ಮೊದಲಿನ ಸ್ಪೀಡ್ ಸಿಗದವರು ಬಹಳ ಜನ. ಮೀನಖಂಡ ಒಣಗಿರುತ್ತದೆ. ತೂಕ ಏರಿದ್ದರೆ ಇನ್ನೂ ಕಷ್ಟ. ಇವನದು ಆರಡಿ ಎರಡಿಂಚಿನ ಭಾರೀ ಮೈ, ಆಗ ವಯಸ್ಸು 29.

ಆ ತಿಂಗಳುಗಳಲ್ಲಿ ದಿನಾ ಬಂದು ಬೇಜಾರಿನ ವ್ಯಾಯಾಮ ಮಾಡಬೇಕು. ಒಂದು ಕಾಲಲ್ಲಿ ಹಿಮ್ಮಡಿ ಎತ್ತು, ಇಳಿಸು. ಚೆಂಡು ಇಲ್ಲ, ಜನ ಇಲ್ಲ, ಚಪ್ಪಾಳೆ ಇಲ್ಲ. ಮನಸ್ಸು ಗಟ್ಟಿ ಇರುವವರೇ ಅರ್ಧಕ್ಕೆ ಬಿಡುತ್ತಾರೆ. ಖಿನ್ನತೆ ಇರುವವನ ಕೈಲಿ ಇದನ್ನು ಮಾಡಿಸುವುದು ಎಷ್ಟು ಕಷ್ಟ ಅಂತ ನನ್ನ ಕೆಲಸದವರಿಗೆ ಗೊತ್ತು.

ಮಂಡ್ಯ ಸ್ಟ್ರೈಕರ್

ಮೇಡಂ, ಇದು ಒಪ್ಪಿದೆ. ಆದರೆ ಅದೇ ವರ್ಷ ನವೆಂಬರ್‌ನಲ್ಲಿ ಅಟ್ಲೆಟಿಕೊ ಮಿನೇರೊ ವಿರುದ್ಧ ಕೊನೆ ಗಳಿಗೆಯಲ್ಲಿ ಗೆಲುವಿನ ಗೋಲು ಹೊಡೆದ. ಕೊರಿಂಥಿಯನ್ಸ್ ಚಾಂಪಿಯನ್ ಆಯ್ತು. ಕಾಲು ಒಣಗಿದ್ದರೂ ಆ ಎಡಗಾಲು ಎಡಗಾಲೇ. 😄

ಬನ್ನಿಮಂಟಪ ಫಿಸಿಯೋ

ಒಂದು ಗೋಲು ಹೊಡೆಯುವುದು ಬೇರೆ, ಒಂದು ಸೀಸನ್ ಓಡುವುದು ಬೇರೆ.

ಉದಯಗಿರಿ ಹತ್ತು ನಂಬರ್

ಇಲ್ಲಿ ಎಲ್ಲರೂ ರಿಯೋ, ಮಿಲಾನ್ ಅಂತಿದ್ದೀರಿ. ನಾನು ಸಂಜೆ ಹೊತ್ತು ಏರಿಯಾ ಹುಡುಗರಿಗೆ ಆಟ ಹೇಳಿಕೊಡುತ್ತೇನೆ. ನಮ್ಮಲ್ಲಿ ಬೀಳುವುದು ಹೇಗೆ ಅಂತ ಹೇಳ್ತೀನಿ ಕೇಳಿ.

ನಮ್ಮ ಬೀದಿಯಲ್ಲಿ ಒಬ್ಬ ಅಣ್ಣ ಇದ್ದಾರೆ. ಹೆಸರು ಬೇಡ. ಮಿಡ್‌ಫೀಲ್ಡರ್. ಬೆಂಗಳೂರು ಲೀಗ್‌ನಲ್ಲಿ ಒಂದು ಕ್ಲಬ್ ಕರೆದುಕೊಂಡು ಹೋಯಿತು. ತಿಂಗಳಿಗೆ ಇಷ್ಟು ಅಂತ ಬಾಯಿ ಮಾತು, ರೂಮು, ಊಟ. ಮನೆಯವರು ಸಿಹಿ ಹಂಚಿದರು. ಎರಡನೇ ಸೀಸನ್‌ನಲ್ಲಿ ಮಂಡಿಯೊಳಗಿನ ಎಸಿಎಲ್ ಅನ್ನುವ ಲಿಗಮೆಂಟ್ ಹೋಯಿತು. ಆಪರೇಷನ್ ಖರ್ಚಿನ ಮಾತು ಬಂದ ಮೇಲೆ ಕ್ಲಬ್‌ನವರು ಫೋನ್ ಎತ್ತುವುದನ್ನೇ ಬಿಟ್ಟರು. ಅಮ್ಮನ ಬಳೆ ಅಡವಿಟ್ಟು ಆಪರೇಷನ್ ಆಯಿತು, ಫಿಸಿಯೋಗೆ ದುಡ್ಡು ಉಳಿಯಲಿಲ್ಲ. ಈಗ ಹೂಟಗಳ್ಳಿ ಕಡೆ ಶಿಫ್ಟ್ ಕೆಲಸ. ಭಾನುವಾರ ನಮ್ಮ ಜೊತೆ ಗೋಲ್ ಕೀಪರ್ ಆಗಿ ನಿಲ್ಲುತ್ತಾರೆ, ಓಡುವ ಹಾಗಿಲ್ಲವಲ್ಲ.

ಅವರು ಕುಡಿಯಲಿಲ್ಲ. ಪಾರ್ಟಿ ಮಾಡಲಿಲ್ಲ. ಎಷ್ಟು ಶಿಸ್ತು ಅಂದರೆ ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬರುತ್ತಿದ್ದರು. @ಮಂಡ್ಯ ಸ್ಟ್ರೈಕರ್ ಅಣ್ಣ, ಅದಕ್ಕೆ ನಾನು ಶಿಸ್ತಿನ ಕಥೆಯನ್ನು ಪೂರ್ತಿ ನಂಬುವುದಿಲ್ಲ. ಶಿಸ್ತು ಬೇಕು. ಶಿಸ್ತಿದ್ದವನೂ ಬೀಳುತ್ತಾನೆ. ಆಗ ಕೆಳಗೆ ಏನಿರುತ್ತದೆ ಅನ್ನುವುದು ಬೇರೆ ಪ್ರಶ್ನೆ. ಅಡ್ರಿಯಾನೋ ಬಿದ್ದಾಗ ಬ್ಯಾಂಕಿನಲ್ಲಿ ದುಡ್ಡಿತ್ತು. ವಿಲಾ ಕ್ರುಜೇರೊದಲ್ಲಿ ಬರಿಗಾಲಲ್ಲಿ ಡೊಮಿನೊ ಆಡುತ್ತಾ ಕೂರಲು ಅವನಿಗೆ ಆಯ್ತು.

ಗಂಗೋತ್ರಿ ಗ್ಯಾಲರಿ

ಒಂದು ಕಾಲದಲ್ಲಿ ಕೆಳಗೆ ಒಂದು ನೌಕರಿ ಇರುತ್ತಿತ್ತು. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ತಂಡಗಳು. ಆಟ ಮುಗಿದ ಮೇಲೂ ಕಾರ್ಖಾನೆಯಲ್ಲಿ ಹಾಜರಿ, ಕ್ಯಾಂಟೀನ್, ಪಿಂಚಣಿ. ಸಂಬಳ ಕಮ್ಮಿ, ಹೆಸರೂ ಕಮ್ಮಿ. ಆದರೆ ಮಂಡಿ ಹೋದರೂ ಮನೆ ನಡೆಯುತ್ತಿತ್ತು. ನಮ್ಮ ರಾಜ್ಯ ಮೈಸೂರು ಅನ್ನುವ ಹೆಸರಲ್ಲಿ 1968-69ರಲ್ಲಿ ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತ್ತು. ಆಮೇಲೆ ಗೆದ್ದದ್ದು 2023ರಲ್ಲಿ, ರಿಯಾದ್‌ನಲ್ಲಿ ಮೇಘಾಲಯದ ವಿರುದ್ಧ 3-2. ನಡುವೆ 54 ವರ್ಷ! ಆ ಹಳೇ ವ್ಯವಸ್ಥೆಯೇ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಅಲ್ಲೂ ರಾಜಕೀಯ ಬೇಕಾದಷ್ಟಿತ್ತು. ಆದರೆ ಆಟಗಾರನಿಗೆ ಗುರುತಿನ ಚೀಟಿ ಇತ್ತು.

ಉದಯಗಿರಿ ಹತ್ತು ನಂಬರ್

ಈಗ ದೊಡ್ಡ ಕ್ಲಬ್‌ಗೆ ಹೋದರೂ ಗ್ಯಾರಂಟಿ ಇಲ್ಲ ಸರ್. 2025ರಲ್ಲಿ ನೋಡಿದಿರಲ್ಲ. ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ನಡೆಸುವ ಹಕ್ಕಿನ ಒಪ್ಪಂದ ನವೀಕರಣ ಆಗದೆ ಜುಲೈನಲ್ಲಿ ಲೀಗನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿರುವುದಾಗಿ ಪ್ರಕಟಣೆ ಕೊಟ್ಟಿತು. ಅಲ್ಲಿ ಯಾವ ಆಟಗಾರ ಏನು ತಪ್ಪು ಮಾಡಿದ್ದ?

ಒಂಟಿಕೊಪ್ಪಲ್ ಎಡಗಾಲು

ಇದು ಕೇಳಿ ಇನ್ನೊಂದು ನೆನಪಾಯಿತು. ಅಡ್ರಿಯಾನೋ ಬೆಳೆದದ್ದೇ ಮುಳುಗುವ ಕ್ಲಬ್‌ಗಳಲ್ಲಿ. 2002ರಲ್ಲಿ ಇಂಟರ್‌ನಿಂದ ಎರವಲು ಹೋಗಿದ್ದ ಇಟಲಿಯ ಫಿಯೊರೆಂಟಿನಾ ಅದೇ ವರ್ಷ ದಿವಾಳಿ. ಆಮೇಲೆ ಪಾರ್ಮಾ. ಅಲ್ಲಿ ರೊಮೇನಿಯಾದ ಸ್ಟ್ರೈಕರ್ ಮುಟು ಜೊತೆ ಜೋಡಿ, ಗೋಲಿನ ಸುರಿಮಳೆ. 2003ರ ಡಿಸೆಂಬರ್‌ನಲ್ಲಿ ಪಾರ್ಮಾದ ಮಾಲೀಕ ಕಂಪನಿ, ಹಾಲಿನ ವ್ಯಾಪಾರದ ಪಾರ್ಮಲಾಟ್, ಲೆಕ್ಕದ ಮೋಸ ಬಯಲಾಗಿ ಕುಸಿಯಿತು. ಮುಂದಿನ ತಿಂಗಳೇ ಅವನು ಇಂಟರ್‌ಗೆ ವಾಪಸ್. ಆಗ ಅವನ ಕಾಲಲ್ಲಿ ಬಲ ಇತ್ತು, ಪಾರಾದ.

ಕುವೆಂಪುನಗರದ ಅಮ್ಮ

ನಮಸ್ತೆ. ಓದ್ತಾ ಓದ್ತಾ ಹೊಟ್ಟೆಯಲ್ಲಿ ಸಂಕಟ ಆಯಿತು. ನನ್ನ ಮಗ ಒಂಬತ್ತನೇ ಕ್ಲಾಸು. ಹೊರ ಊರಿನ ಒಂದು ರೆಸಿಡೆನ್ಷಿಯಲ್ ಅಕಾಡೆಮಿಯಲ್ಲಿ ಸೆಲೆಕ್ಟ್ ಆಗಿದ್ದಾನೆ. ಅವನ ಅಪ್ಪ ಬೇಡ ಅಂತಾರೆ, ಎಸ್ಸೆಸ್ಸೆಲ್ಸಿ ಮುಗಿಯಲಿ ಅಂತ. ಇವನು ಊಟ ಬಿಟ್ಟು ಕೂತಿದ್ದಾನೆ. ಅಡ್ರಿಯಾನೋ ವಿಷಯ ಬಿಡಿ, ನಾನು ಏನು ಮಾಡಲಿ?

ಮಂಡ್ಯ ಸ್ಟ್ರೈಕರ್

ಅಕ್ಕ, ಮೊದಲು ಊಟ ಮಾಡೋಕೆ ಹೇಳಿ. ಊಟ ಬಿಡೋನು ಫುಟ್‌ಬಾಲ್ ಆಡೋಕಾಗಲ್ಲ. ಕಳಿಸಿ. ಪ್ರತಿಭೆ ಇದ್ದವನನ್ನು ಹಿಡಿದಿಟ್ಟರೆ ಅದೂ ಒಂಥರಾ ಬೀಳಿಸೋದೇ.

ಬನ್ನಿಮಂಟಪ ಫಿಸಿಯೋ

ಅಷ್ಟು ಸುಲಭವಾಗಿ ಕಳಿಸಿ ಅನ್ನಬೇಡಿ. ಮೇಡಂ, ಅಲ್ಲಿ ಪೂರ್ಣಾವಧಿ ಫಿಸಿಯೋ ಇದ್ದಾರಾ ಅಂತ ಕೇಳಿ. ವಾರಕ್ಕೆ ಎಷ್ಟು ಪಂದ್ಯ ಆಡಿಸುತ್ತಾರೆ ಅಂತಲೂ ಕೇಳಿ. ಬೆಳೆಯುವ ವಯಸ್ಸಿನಲ್ಲಿ ಮಂಡಿ ಕೆಳಗೆ, ಹಿಮ್ಮಡಿಯಲ್ಲಿ ನೋವು ಸಾಮಾನ್ಯ. ವಿಶ್ರಾಂತಿ ಕೊಟ್ಟರೆ ಹೋಗುತ್ತದೆ. ನೋವು ಅಂದವನನ್ನು ನಾಟಕ ಅನ್ನುವ ಕೋಚ್ ಇದ್ದರೆ ಅಲ್ಲಿಗೆ ಬೇಡ.

ಉದಯಗಿರಿ ಹತ್ತು ನಂಬರ್

ಅಕ್ಕ, ನನ್ನ ಕಡೆಯಿಂದಲೂ ಸ್ವಲ್ಪ. ಭಾರತದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್‌ನ ಮಾನ್ಯತೆ ಇರುವ ಅಕಾಡೆಮಿಯಾ ನೋಡಿ. ಹುಡುಗನ ಹೆಸರನ್ನು ಸಿಆರ್‌ಎಸ್‌ನಲ್ಲಿ (ಒಕ್ಕೂಟದ ಆನ್‌ಲೈನ್ ಆಟಗಾರರ ನೋಂದಣಿ) ಅವರು ನೋಂದಾಯಿಸುತ್ತಾರಾ, ಬಿಟ್ಟು ಬರಬೇಕಾದರೆ ತಕರಾರಿಲ್ಲದೆ ಬಿಡುತ್ತಾರಾ, ಇದನ್ನೂ ಕೇಳಿ. ಸ್ಕೂಲು ಯಾವುದು, ಪರೀಕ್ಷೆ ಸಮಯದಲ್ಲಿ ರಜೆ ಕೊಡುತ್ತಾರಾ ಅನ್ನುವುದು ಮುಖ್ಯ. ಗಾಯ ಆದರೆ ಆಸ್ಪತ್ರೆ ಖರ್ಚು ಯಾರದು ಅನ್ನುವುದು ಎಲ್ಲಕ್ಕಿಂತ ಮುಖ್ಯ. ನಮ್ಮ ಬೀದಿ ಅಣ್ಣನಿಗೆ ಇದನ್ನು ಕೇಳುವವರು ಯಾರೂ ಇರಲಿಲ್ಲ.

ಗಂಗೋತ್ರಿ ಗ್ಯಾಲರಿ

ವಾರಕ್ಕೊಮ್ಮೆ ಮನೆಗೆ ಫೋನ್ ಮಾಡಲು ಬಿಡುತ್ತಾರಾ ಅಂತಲೂ ಕೇಳಮ್ಮ. ಕೆಲವು ಹಾಸ್ಟೆಲ್‌ಗಳಲ್ಲಿ ಫೋನ್ ಕಿತ್ತಿಟ್ಟುಕೊಳ್ಳುತ್ತಾರೆ. ಮಗ ಸೋತ ದಿನ ಯಾರ ಹತ್ತಿರ ಮಾತಾಡುತ್ತಾನೆ ಅನ್ನುವುದು ನಿಮಗೆ ಗೊತ್ತಿರಬೇಕು.

ಒಂಟಿಕೊಪ್ಪಲ್ ಎಡಗಾಲು

ಚರ್ಚೆ ಎಲ್ಲಿಗೋ ಹೋಯಿತು, ಒಳ್ಳೆಯದೇ ಆಯಿತು. ಅಡ್ರಿಯಾನೋ ವಿಷಯ ಇನ್ನೊಂದು ಹೇಳಿ ಸುಮ್ಮನಾಗುತ್ತೇನೆ. 2012ರಲ್ಲಿ ಫ್ಲಮೆಂಗೊ ಮತ್ತೆ ಸೇರಿಸಿಕೊಂಡಿತು, ಒಂದು ಪಂದ್ಯವೂ ಆಡದೆ ಹೊರಬಿದ್ದ. 2014ರಲ್ಲಿ ಅಟ್ಲೆಟಿಕೊ ಪರನೇನ್ಸೆ, ಅದೂ ಕೆಲವೇ ವಾರ. 2016ರಲ್ಲಿ ಅಮೆರಿಕದ ಮಯಾಮಿ ಯುನೈಟೆಡ್. ಅದಾದ ಮೇಲೆ ಇಲ್ಲ. 2024ರ ಡಿಸೆಂಬರ್‌ನಲ್ಲಿ ಮರಕಾನಾದಲ್ಲಿ ಬೀಳ್ಕೊಡುಗೆ ಪಂದ್ಯ ಇಟ್ಟಿದ್ದರು. ಅದಕ್ಕೆ ಸ್ವಲ್ಪ ಮುಂಚೆ ಅವನೇ ಒಂದು ಪತ್ರ ಬರೆದಿದ್ದ. ಫುಟ್‌ಬಾಲ್‌ನಲ್ಲಿ ಅತಿ ದೊಡ್ಡದಾಗಿ ವ್ಯರ್ಥವಾದವನು ನಾನೇ, ಆ ಮಾತು ನನಗೆ ಇಷ್ಟ ಅಂತ. ಕೊಳೆಗೇರಿಯಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ, ಅದಕ್ಕೇ ಅಲ್ಲಿಗೆ ಹೋಗುತ್ತೇನೆ ಅನ್ನುವ ಅರ್ಥದ್ದು. ಕುಡಿತವನ್ನೂ ಮುಚ್ಚಿಟ್ಟಿಲ್ಲ. ಅವನು ಸಂತ ಅಂತ ನಾನು ಹೇಳುತ್ತಿಲ್ಲ, @ಮಂಡ್ಯ ಸ್ಟ್ರೈಕರ್. ರೀಲ್ ಹೇಳುವಷ್ಟು ಚಿಕ್ಕ ಕಥೆ ಅಲ್ಲ ಅಂತ ಅಷ್ಟೇ.

ಮಂಡ್ಯ ಸ್ಟ್ರೈಕರ್

ಒಪ್ಪಿದೆ ಅಣ್ಣ, ಮುಕ್ಕಾಲು ಭಾಗ. ಕಾಲು ಭಾಗ ಎಣ್ಣೆಗೇ ಇರಲಿ.

ಕುವೆಂಪುನಗರದ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಅಕಾಡೆಮಿಗೆ ಇವತ್ತು ಫೋನ್ ಮಾಡಿದೆ. ಸ್ಕೂಲು, ಊಟ, ಫೋನ್ ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟರು. ಗಾಯದ ಖರ್ಚು ಕೇಳಿದಾಗ ಮಾತ್ರ, 'ಮೇಡಂ, ಇದುವರೆಗೂ ಯಾವ ಪೇರೆಂಟೂ ಇದನ್ನು ಕೇಳಿಲ್ಲ, ವಿಚಾರಿಸಿ ಹೇಳುತ್ತೇವೆ' ಅಂದರು. ಇವರಪ್ಪ ಸ್ಪೀಕರ್‌ನಲ್ಲಿ ಕೇಳಿಸಿಕೊಳ್ಳುತ್ತಾ ಕೂತಿದ್ದರು. ಏನೂ ಅನ್ನಲಿಲ್ಲ.

ಉದಯಗಿರಿ ಹತ್ತು ನಂಬರ್

ವಿಚಾರಿಸಲಿ. ಆದರೆ ಫೋನ್‌ನಲ್ಲಿ ಹೇಳಿದರೆ ಒಪ್ಪಬೇಡಿ ಅಕ್ಕ. ಲೆಟರ್‌ಹೆಡ್‌ನಲ್ಲಿ, ಸೀಲು ಹಾಕಿ ಕೊಡಲಿ. ಅದು ಬಂದ ಮೇಲೆ ಇಲ್ಲಿ ಹಾಕಿ, ಎಲ್ಲರೂ ಸೇರಿ ಓದೋಣ.